ಹತ್ತು ನಂಬರಿನ ಸಾಕೆಟ್

ಕಿಲ್ಲಿಬೆಗ್ಸ್ ಬಂದರಿನಲ್ಲಿ ಶನಿವಾರ ಬಲೆಗಳಿಗೆ ರಜೆ.
ಶೆಡ್ಡಿನ ಬಾಗಿಲು ಮೇಲೆತ್ತಿದರೆ
ಕೂತಿದೆ, ಮೂರು ಬಾಗಿಲಿನ ಗಿಡ್ಡ ಕೆಂಪು ಕಾರು,
ಹದಿನೆಂಟು ವರ್ಷದ್ದು, ಮೂರು ಕೈ ದಾಟಿ ಬಂದದ್ದು,
ಹಿಂದಿನ ಬಂಪರಿಗೆ ಇನ್ನೂ ಯಾರದೋ ಗೇಟಿನ ಹಸಿರು ಬಣ್ಣ.

ಕೊಂಡ ದಿನ ಮ್ಯಾನಸ್ ಒಂದು ಸುತ್ತು ಬಂದು
ಚಕ್ರಕ್ಕೊಂದು ಒದೆ ಕೊಟ್ಟು ಅಂದಿದ್ದ:
"ಬೇಡ ಗ್ರಾನ್ಯಾ, ಇದಕ್ಕೆ ನೀನು ಸುರಿಯುವ ದುಡ್ಡು
ಮೂಗಿಗಿಂತ ಮೂಗುತಿ ಭಾರ."
ಅವನು ಹೇಳಿದ್ದು ಸುಳ್ಳಲ್ಲ.
ಅದಕ್ಕೇ ನನಗೆ ನಾನೇ ಕರಾರು ಹಾಕಿಕೊಂಡೆ:
ತಿಂಗಳಿಗೆ ಬಿಸ್ಕತ್ತಿನ ಡಬ್ಬದಲ್ಲಿ ಉಳಿದಷ್ಟು,
ಡಬ್ಬ ಸದ್ದು ಮಾಡದಿದ್ದರೆ ಆ ತಿಂಗಳು ಬರೀ ತೊಳೆಯುವುದು.

ಅಕ್ಕನ ಮಗ ಟಿಯರ್ನಾನ್‌ಗೆ ಹದಿನೈದು.
ಅವನ ಕನಸಿನಲ್ಲಿ ಇದಕ್ಕೆ ಗುಡುಗುವ ಸೈಲೆನ್ಸರು,
ಬೆನ್ನಿಗೆ ಹದ್ದಿನ ರೆಕ್ಕೆ, ಹೊಟ್ಟೆಯಡಿ ನೀಲಿ ದೀಪ.
ಪಾಲಿಗೆ ಬಂದದ್ದು ಟಾರ್ಚು ಹಿಡಿಯುವ ಕೆಲಸ.

ಮೊದಲ ತಿಂಗಳು ಕಣ್ಣು.
ಪೊರೆ ಬಂದ ಹೆಡ್‌ಲೈಟಿಗೆ ಎಂಟುನೂರರ ಮರಳುಕಾಗದ,
ಆಮೇಲೆ ಎರಡು ಸಾವಿರದ್ದು,
ನೀರು ಚಿಮುಕಿಸಿ ಉಜ್ಜು, ಚಿಮುಕಿಸಿ ಉಜ್ಜು,
ಹಾಲಿನಂಥದ್ದೇನೋ ಇಳಿದು ನನ್ನ ಬೂಟಿನೊಳಕ್ಕೆ.
ಕತ್ತಲಾದ ಮೇಲೆ ಹಚ್ಚಿದರೆ
ಮ್ಯಾನಸ್‌ನ ಗೋಡೆಯ ಒಂದೊಂದು ಇಟ್ಟಿಗೆಗೂ ಅಂಚು ಬಂದಿತ್ತು.
ಅವನು ಪರದೆ ಎಳೆದುಕೊಂಡ.

ಗೇರಿನ ಕೋಲು ಅಂಬಲಿಯೊಳಗೆ ಸೌಟಾಡಿಸಿದ ಹಾಗಿತ್ತು.
ಹನ್ನೊಂದು ಯೂರೋದ ಹಿತ್ತಾಳೆ ಬುಷ್ಷು, ಎರಡು ಗೆಣ್ಣಿನ ಚರ್ಮ;
ಈಗ ಮೂರನೆಯದು
ಕದಕ್ಕೆ ಅಗುಳಿ ಬಿದ್ದಂತೆ ಬೀಳುತ್ತದೆ.

ಸ್ಟಿಯರಿಂಗಿನ ತೊಗಲು ಬೇಯಿಸಿದ ಆಲೂಗಡ್ಡೆಯಂತೆ ಸುಲಿದಿತ್ತು.
ಅಂಗಡಿಯವನು ಇನ್ನೂರು ಕೇಳಿದ.
ನಾನೋ ಇಪ್ಪತ್ತೆರಡು ವರ್ಷದಿಂದ ಬಂಗುಡೆ ಬಲೆ ಹೊಲಿಯುವವಳು!
ಹಳೇ ಚರ್ಮದ ಕೋಟಿನ ತೋಳು ಕತ್ತರಿಸಿ
ಮೇಣ ತೀಡಿದ ದಾರದಲ್ಲಿ, ನನಗೆ ಬರುವ ಗಂಟಿನಲ್ಲೇ ಬಿಗಿದೆ.
ಕೊನೆಯ ಗಂಟು ನೆತ್ತಿಯ ಮೇಲೆ ಉಳಿಯಿತು, ಕಡಲೆಯಷ್ಟು.
ಅದು ಹೆಬ್ಬೆರಳಿಗೆ ಸಿಕ್ಕರೆ ಚಕ್ರ ನೇರ ಇದೆ ಎಂದರ್ಥ,
ನೋಡಬೇಕಿಲ್ಲ.

ಬ್ರೇಕಿಗೆ ಇಬ್ಬರು ಬೇಕು.
ಅವನು ಒಳಗೆ, ಪೆಡಲಿನ ಮೇಲೆ ಕಾಲಿಟ್ಟು,
ನಾನು ಚಕ್ರದ ಹಿಂದೆ ಜಾಮಿನ ಬಾಟಲಿ ಹಿಡಿದು.
"ಒತ್ತು."
"ಒತ್ತಿದೆ."
"ಹಿಡಿದಿರು. ಹಾಂ, ಬಿಡು."
ಕೊಳವೆಯಲ್ಲಿ ಕಪ್ಪು ಎಣ್ಣೆ, ಅದರೊಳಗೆ ಸಾಸಿವೆಯಂಥ ಗುಳ್ಳೆ.
"ಒತ್ತು."
"ಒತ್ತಿದೆ. ಅಪ್ಪ ಈ ಸಲವೂ ನಾರ್ವೆಯಲ್ಲೇ ಉಳೀತಾನಂತೆ."
"ಹಿಡಿದಿರು."
ಹಿಡಿದಿದ್ದ.
ನಾನು ನಟ್ಟು ತಿರುಗಿಸುವುದನ್ನೇ ಮರೆತಿದ್ದೆ.
"ಬಿಡು" ಅಂದಾಗ ಅವನ ಕಾಲು ನಡುಗುತ್ತಿತ್ತು,
ಪೆಡಲು ಗಟ್ಟಿ ಇತ್ತಲ್ಲ, ಅದಕ್ಕೇ ಇರಬೇಕು.
ಎಣ್ಣೆ ಜೇನಿನ ಬಣ್ಣಕ್ಕೆ ಬರುವವರೆಗೂ ಬೇರೆ ಮಾತಾಡಲಿಲ್ಲ.

ಇವತ್ತು ಗಾಳಿಯ ಫಿಲ್ಟರು.
ಬ್ಯಾಟರಿ ಎತ್ತಿ, ತಟ್ಟೆ ಎತ್ತಿದರೆ,
ಕೊಳೆತ ಎಲೆಗಳ ಅಡಿಯಲ್ಲಿ ಕೂತಿದೆ
ಯಾರದೋ ಹತ್ತು ನಂಬರಿನ ಸಾಕೆಟ್!
ಜಗತ್ತಿನ ಎಲ್ಲ ಶೆಡ್ಡುಗಳಲ್ಲೂ ಮೊದಲು ಕಳೆದುಹೋಗುವ ಅದೇ ಹತ್ತು.
ಹಿಂದಿನವನದೋ, ಅವನ ಹಿಂದಿನವನದೋ,
ಹೀಗೇ ಬೋರಲು ಬಗ್ಗಿ, ಬೈದು,
ಟಾರ್ಚು ಹಿಡಿದವನ ಮೇಲೆ ರೇಗಿರಬೇಕು.
ಟಿಯರ್ನಾನ್ ಅದನ್ನು ಅಂಗಿಗೆ ಒರೆಸಿ ಬೋಲ್ಟಿನ ಮೇಲಿಟ್ಟ.
ಕೂತಿತು.

ಸಂಜೆ ಕಿಲ್‌ಕಾರ್ ಕಡೆಗೆ, ಸಮುದ್ರದ ಪಕ್ಕದ ದಾರಿ,
ಕುರಿಗಳಿಗೆ ನಿಲ್ಲಿಸಿ, ಟ್ರ್ಯಾಕ್ಟರಿಗೆ ದಾರಿ ಬಿಟ್ಟು.
"ಸ್ಪೀಡು ಹೆಚ್ಚಾಗಿದೆಯಾ?"
"ಇಲ್ಲ."
"ಮತ್ತೇನು ಹೆಚ್ಚಾಗಿದೆ?"
"ಹೇಳಿದ ಮಾತು ಕೇಳುತ್ತೆ."
ಅವನು ಕಿಟಕಿಯ ಕಡೆ ತಿರುಗಿದ, ನಕ್ಕನೋ ಏನೋ,
ಕೈ ಮಾತ್ರ ಗೇರಿನ ಗುಬಟದ ಮೇಲೆ, ನನ್ನ ಕೈ ಸರಿಯಲಿ ಎಂದು ಕಾಯುತ್ತ.

ಎಡ ತಿರುವಿನಲ್ಲಿ
ಬಾನೆಟ್ಟಿನ ಒಳಗೆಲ್ಲೋ ಟಿಣ್ ಎಂದಿತು.
ನಾನು ಅವನ ಮುಖ ನೋಡಿದೆ.
ಅವನು ಎರಡೂ ಜೇಬು ತಡವಿಕೊಂಡ, ಇನ್ನೊಂದು ಸಲ ತಡವಿಕೊಂಡ,
ಆಮೇಲೆ ಮೆಲ್ಲಗೆ ಕೈ ಚಾಚಿ
ರೇಡಿಯೋದ ಸದ್ದು ಹೆಚ್ಚಿಸಿದ.