ಉಪ್ಪಿನ ಕೈ

ಅಲ್ ಐನ್‌ನಲ್ಲಿ, ಒಂಟೆ ಸಂತೆಗೆ ತಿರುಗುವ ಮೊದಲು,
ನಿಝಾರ್ ಸಾಹೇಬರ ಕೋವಿ ಅಂಗಡಿ.
ಒಂಬತ್ತು ವರ್ಷ ಅಲ್ಲಿ ಪಿಸ್ತೂಲು ಒರೆಸಿದ್ದೇನೆ,
ಒಂದು ಗುಂಡೂ ಹಾರಿಸಿಲ್ಲ.
ಅದಕ್ಕೆ ಪರವಾನಗಿ ಬೇಕು,
ಪರವಾನಗಿಗೆ ಬೇರೆ ಜನ್ಮ ಬೇಕು.

ಸೇರಿದ ದಿನವೇ ಸಾಹೇಬರು
ಉಕ್ಕಿನ ತುಂಡೊಂದು ಕೊಟ್ಟು, ಹಿಡಿ, ಎಂದರು. ಹಿಡಿದೆ.
ಮರುದಿನ ನೋಡಿದರೆ ಅದರ ಮೇಲೆ
ನನ್ನ ಐದು ಬೆರಳು, ಕೆಂಪಗೆ, ತುಕ್ಕಾಗಿ.
"ಉಪ್ಪಿನ ಕೈ ನಿನ್ನದು, ಪುತ್ರನ್."
ನಗುತ್ತ ಗ್ಲೌಸಿನ ಡಬ್ಬಿ ಈಚೆ ದೂಡಿದರು.
ಹೆಜಮಾಡಿಯ ಮರಕಾಲನಿಗೆ
ಇನ್ನೆಂಥ ಕೈ ಇರಬೇಕಿತ್ತೋ.

ಆ ಗುರುವಾರ ಖಲ್ಫಾನ್ ಬಂದರು, ಮಗಳು ಶಮ್ಸಾ ಜೊತೆ.
ಕ್ಲಬ್ಬಿನ ಸ್ಪರ್ಧೆಗೆ ಇನ್ನು ಆರೇ ವಾರ.
ಮಕಮಲ್ಲು ಹಾಸಿ ಎರಡನ್ನೂ ಇಟ್ಟೆ.

ಒಂದು ಕಪ್ಪು, ಪ್ಲಾಸ್ಟಿಕ್ ಮೈ,
ಯಾವ ಪೊಲೀಸನ ಸೊಂಟದಲ್ಲೂ ಕಾಣಸಿಗುವಂಥದ್ದು.
ಮೂರು ಸಾವಿರ ದಿರ್ಹಂ.
ಬಿದ್ದರೆ ಎತ್ತಿಕೊಂಡರಾಯಿತು.

ಇನ್ನೊಂದು ಹತ್ತೊಂಬತ್ತು ಸಾವಿರ.
ಇಡೀ ಉಕ್ಕು, ಅಕ್ರೋಟು ಮರದ ಹಿಡಿ,
ಯಾರೋ ಒಬ್ಬನೇ ಮುದುಕ ವರ್ಷಗಟ್ಟಲೆ ಕೂತು
ಉಜ್ಜಿ ಉಜ್ಜಿ ಕೂಡಿಸಿದ ಹಾಗೆ.
ಸ್ಲೈಡ್ ಎಳೆದರೆ
ಎಣ್ಣೆಯ ಮೇಲೆ ಎಣ್ಣೆ ಸರಿದಂತೆ.
ರಾತ್ರಿ ಬಾಗಿಲು ಹಾಕುವ ಮುಂಚೆ
ಕೊನೆಗೆ ಒರೆಸುವುದು ಅದನ್ನೇ.
ಮಾರಿದರೆ ನನಗೆ ಆರುನೂರು.

"ದುಬಾರಿಯದೇ ಕೊಡು" ಎಂದರು ಖಲ್ಫಾನ್.
"ಅಗ್ಗದ್ದು ಹಿಡಿದು ಸೋತರೆ
ಪಿಸ್ತೂಲಿನ ತಪ್ಪು ಅನ್ನುತ್ತಾಳೆ.
ಇದನ್ನು ಹಿಡಿದು ಸೋತರೆ ಏನನ್ನುತ್ತಾಳೆ, ನೋಡುವ."

ಶಮ್ಸಾ ಎರಡನ್ನೂ ಎತ್ತಿ ಎತ್ತಿ ಇಟ್ಟಳು.
ಎ.ಸಿ. ಹದಿನೆಂಟರಲ್ಲಿತ್ತು. ಆದರೂ ಉಕ್ಕಿನ ಮೇಲೆ
ಅವಳ ಬೆರಳಿನ ಹಸಿ ಉಳಿದಿತ್ತು.
ಒರೆಸಿದೆ. ಆರುನೂರು, ಎಂದುಕೊಂಡೆ.
ಮತ್ತೆ ಹಸಿ. ಮತ್ತೆ ಒರೆಸಿದೆ.

ಮೂಲ್ಕಿ ಪೇಟೆಯಲ್ಲಿ ಅಮ್ಮ
ಮೀನು ಕೊಯ್ಯುವ ಕತ್ತಿ ಆರಿಸುತ್ತಿದ್ದದ್ದು ನೆನಪಾಯಿತು.
ಅಂಗಡಿಯವ ಹಿತ್ತಾಳೆ ಹಿಡಿಯದ್ದು ಮುಂದೆ ಚಾಚಿದರೆ
ಅವಳು ಅವನ ಚೊಂಬಿನ ನೀರಲ್ಲೇ ಕೈ ಅದ್ದಿ
ಆಮೇಲೆ ಹಿಡಿದು ನೋಡುವವಳು.
ಒಣ ಕೈಗೆ ಎಲ್ಲ ಕತ್ತಿಯೂ ಒಳ್ಳೆಯದೇ ಮಾರಾಯ, ಎಂದು
ಮರದ ಹಿಡಿಯದ್ದನ್ನೇ ಬುಟ್ಟಿಗೆ ಹಾಕುವವಳು.

ಮೇಜಿನ ಖಾನೆಯಿಂದ ಆ ಹಳೆಯ ಉಕ್ಕಿನ ತುಂಡು ತೆಗೆದೆ.
"ಇದನ್ನು ಹಿಡಿ ಅಮ್ಮ, ಹಿಡಿದು ಹೋಗಿ ಶನಿವಾರ ಬಾ."
ನಿಝಾರ್ ಸಾಹೇಬರು ಒಳಕೋಣೆಯಿಂದ
ನನ್ನನ್ನೊಮ್ಮೆ ನೋಡಿ ಸುಮ್ಮನಾದರು.

ಶನಿವಾರ ತುಂಡಿನ ಮೇಲೆ
ನನ್ನ ಹಳೆಯ ಬೆರಳುಗಳ ಪಕ್ಕದಲ್ಲಿ
ಅವಳ ನಾಲ್ಕು ಬೆರಳು, ಹೊಸ ಕೆಂಪು.
ಗ್ಲೌಸು ಕಳಚಿ ಅಂಗೈ ತೋರಿಸಿದೆ.
ಅವಳು ತನ್ನದನ್ನು ತೋರಿಸಿದಳು.
"ನೀನಾದರೆ ಯಾವುದು?"
ನಾನು ಯಾವುದೂ ಅಲ್ಲ, ಎನ್ನಲಿಲ್ಲ.
"ಕಪ್ಪಿನದು. ಉಳಿದ ದುಡ್ಡಿಗೆಲ್ಲ ಗುಂಡು."

ಖಲ್ಫಾನ್ ಗೊಣಗುತ್ತಲೇ ಎಣಿಸಿದರು.

ಮೂರು ತಿಂಗಳಾದ ಮೇಲೆ ಒಬ್ಬಳೇ ಬಂದಳು,
ಸ್ಪ್ರಿಂಗ್ ಬದಲಿಸಬೇಕಂತೆ.
ಕಪ್ಪು ಮೈಯೆಲ್ಲ ಗೀರು,
ತುದಿ ಸವೆದು ಬೂದಿ ಬಣ್ಣ,
ಬಿಚ್ಚಿದರೆ ಮೇಜಿನ ತುಂಬ ಮರಳು.
ಸ್ಪರ್ಧೆ ಏನಾಯಿತು, ಕೇಳಿದೆ.
"ಹನ್ನೊಂದನೆಯವಳು."
ಎಷ್ಟು ಜನರಲ್ಲಿ?
"ಹದಿನಾಲ್ಕು." ನಕ್ಕಳು.
"ಪಿಸ್ತೂಲಿನ ತಪ್ಪಲ್ಲ."

ಅದಕ್ಕೆ ಗ್ಲೌಸು ಬೇಡವಿತ್ತು.
ಒಂಬತ್ತು ವರ್ಷದಲ್ಲಿ ಮೊದಲ ಸಲ
ಬರಿಗೈಯಲ್ಲಿ ಒಂದನ್ನು ಬಿಚ್ಚಿ ಕೂಡಿಸಿದೆ,
ಬೇಕಾದ್ದಕ್ಕಿಂತ ಸ್ವಲ್ಪ ನಿಧಾನವಾಗಿಯೇ.
ಮಕಮಲ್ಲಿನ ಮೇಲಿನದು ಇನ್ನೂ ಅಲ್ಲೇ ಉಂಟು.

ಆ ರಾತ್ರಿ ರೂಮಿನಲ್ಲಿ ಅನ್ನಕ್ಕೆ ಬಂಗುಡೆ ಸಾರು ಕಲಸುವಾಗ
ಬೆರಳಲ್ಲಿ ಸುಟ್ಟ ಮದ್ದಿನ ವಾಸನೆ.
ತೊಳೆಯಲೆಂದು ಎದ್ದವನು
ಮತ್ತೆ ಕೂತು ಉಂಡೆ.