ಬಿಚ್ಚಿದ ಹೊಲಿಗೆ

ಪೀಣ್ಯ ಎರಡನೇ ಹಂತ, ನಾಲ್ಕನೇ ಬ್ಯಾಚು, ಕಾಲರ್ ಲೈನು.
ಒಂಬತ್ತಕ್ಕೆ ಬರುವಷ್ಟರಲ್ಲಿ ಬೋರ್ಡಿನ ಮೇಲೆ
ಯಾರೋ ಬರೆದು ಹೋಗಿದ್ದಾರೆ: ಗಂಟೆಗೆ ನೂರಿಪ್ಪತ್ತು.
ನಿನ್ನೆ ನೂರಿತ್ತು.
ರಾತ್ರಿ ಮಲಗಿದ್ದಾಗ ನಮ್ಮ ಬೆರಳು ಬೆಳೆದಿರಬೇಕು.

ಮಿಷಿನ್ನಿನ ಪಕ್ಕ ಬೇರೆ ದೇಶದಲ್ಲಿ ಹೊಲಿದ ಅಂಗಿ.
ಅದೇ ಬಟ್ಟೆ, ಅದೇ ಅಳತೆ, ಅದೇ ನೀಲಿ ಗುಂಡಿ.
"ಮೂವತ್ತು ಸೆಕೆಂಡಿಗೊಂದು ಕಾಲರ್ ಹಾಕ್ತಾರೆ ಅವರು,
ನಿಮಗಿಂತ ಕಡಿಮೆ ಕೂಲಿಗೆ.
ಬಿಚ್ಚಿ ನೋಡು ಮಂಗಳಗೌರಿ, ಕಲಿ"
ಎಂದ ಇನ್‌ಚಾರ್ಜು. ಅವನ ಜೇಬಿನಲ್ಲಿ ಫೋನು
ಇನ್ಯಾರದೋ ಬೈಗುಳಕ್ಕೆ ಆಗಲೇ ನಡುಗುತ್ತಿತ್ತು.

ಭಾನುವಾರ ಲಗ್ಗೆರೆಯಲ್ಲಿ, ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ
ಲೇತಿಗೆ ಎರಡು ಬೆರಳು ಕೊಟ್ಟ ಕೆಂಪಸಿದ್ದಯ್ಯ
ಉಳಿದ ಮೂರರಲ್ಲಿ ಲೆಕ್ಕ ಹೇಳಿದ್ದರು:
"ಹನ್ನೊಂದರ ಟೀ ಹೊತ್ತಿಗೆ ನಿನ್ನ ಕೂಲಿ ಹುಟ್ಟಿಬಿಡ್ತು.
ಆಮೇಲಿನ ಹೊತ್ತು ಯಾರದು?"
ನಾವು ಏಳು ಜನ. ಮಗುವಿಗೆ ಹಾಲೂಡುತ್ತ ಮೆಹರ್ತಾಜ್ ಕೇಳಿದಳು:
"ಅಲ್ಲಿಯವರು ನಮ್ಮ ಕೆಲಸ ಕದೀತಾರಲ್ಲ ಸರ್,
ಅವರಿಗೇನು ಹೇಳೋದು?"

ಸರ್ ಸುಮ್ಮನಾದರು. ಕೆಮ್ಮಿದರು. ನಕಾಶೆ ಹರಡಿದರು.
ಬಂದರಿನಿಂದ ಬಂದರಿಗೆ ಕೆಂಪು ಗೆರೆ ಎಳೆದರು:
ಸಾಲದ ಗೆರೆ, ಸರಕಿನ ಗೆರೆ, ಯುದ್ಧನೌಕೆಯ ಗೆರೆ,
ಕೊನೆಗೆ ನೆಲವೇ ಕಾಣದಷ್ಟು.
ನನಗೆ ಅರ್ಧ ತಿಳಿಯಿತು. ಅಂದ್ರಹಳ್ಳಿ ಬಸ್ಸು ಹಿಡಿಯಬೇಕಿತ್ತು.

ಈಗ ಟ್ರಿಮ್ಮರ್ ತುದಿಯಿಂದ ಕಾಲರ್ ಬಿಚ್ಚುತ್ತೇನೆ.
ಹೊರಗೆ ಗೆರೆ ಕೊರೆದಂಥ ಹೊಲಿಗೆ.
ಒಳಪದರದಲ್ಲಿ, ಯಾವ ಗಿರಾಕಿಯೂ ನೋಡದ ಕಡೆ,
ದಾರ ತುಂಡಾಗಿದೆ.
ಅವಸರದಲ್ಲಿ ಗಂಟು ಹಾಕಿ ಮತ್ತೆ ಓಡಿಸಿದ್ದಾಳೆ.
ಗಂಟಿನಲ್ಲಿ ಸಿಕ್ಕಿಕೊಂಡಿದೆ
ಬುಡದಲ್ಲಿ ನರೆತ ಒಂದು ಕೂದಲು.

ಹಾಗಾದರೆ ಅವಳಿಗೂ ದಾರ ತುಂಡಾಗುತ್ತದೆ.
ಅವಳ ಮಿಷಿನ್ನಿನ ಪಕ್ಕ ನನ್ನದೊಂದು ಅಂಗಿ ಇದ್ದೀತು,
"ಬೆಂಗಳೂರಿನವರನ್ನು ನೋಡು" ಅಂದಿದ್ದಾರು, ಅವಳ ಭಾಷೆಯಲ್ಲಿ.
ನನ್ನನ್ನು ತೋರಿಸಿ ಅವಳನ್ನು ಓಡಿಸಿ
ಅವಳನ್ನು ತೋರಿಸಿ ನನ್ನನ್ನು ಓಡಿಸಿ
ನಡುವೆ ಹಡಗು ಮಾತ್ರ ನಿಧಾನಕ್ಕೆ ಹೋಗುತ್ತದೆ.

ಇನ್‌ಚಾರ್ಜು ಬಂದ. "ಗುಟ್ಟು ಸಿಕ್ತಾ?"
"ಇಲ್ಲ ಸರ್."
ಕೂದಲನ್ನು ಗುರುತಿನ ಚೀಟಿಯ ಪ್ಲಾಸ್ಟಿಕ್ಕಿನೊಳಗೆ
ನನ್ನ ಫೋಟೋದ ಹಿಂದೆ ಸೇರಿಸಿದೆ.

ಮೊದಲ ಗಂಟೆಗೆ ತೊಂಬತ್ತೆಂಟು ಆಯಿತು. ಬೈಸಿಕೊಂಡೆ.
ಭಾನುವಾರ ಮೆಹರ್ತಾಜ್‌ಗೆ ತೋರಿಸಬೇಕು.