ಎಡತೋಳಿನ ಕೆಸರು

ಮೊಂತೆವಿದೆಯೊ ಬಂದರಿನ ಆಚೆ, ಸೆರ್ರೊ ಗುಡ್ಡದ ಬುಡದಲ್ಲಿ
ಕಸಾಯಿಖಾನೆ ಮುಚ್ಚಿ ಎಷ್ಟೋ ವರ್ಷವಾದರೂ
ಗಾಳಿ ತಿರುಗಿದರೆ ಮೂಗಿಗೆ ಇನ್ನೂ ಹಳೆಯ ನೆಣ.
ಮಂಗಳವಾರ ಮಂಗಳವಾರ ನಾವು ನಾಲ್ವರು
ಇದೇ ಬಾರಿನ ಇದೇ ಮೇಜಿಗೆ:
ಮಂಡಿಯೊಳಗೆ ಉಕ್ಕು ಕೂರಿಸಿಕೊಂಡ ಲಾನ್ಸಾ,
ಕಿವುಡ ಪಿಂತೋಸ್, ಗೋಲ್‌ಕೀಪರ್ ಎಲಾದಿಯೊ,
ಮತ್ತೆ ನಾನು, ರೈಟ್ ಬ್ಯಾಕ್, ನಂಬರ್ ನಾಲ್ಕು,
ಯಾರ ಗೋಡೆಯ ಮೇಲೂ ಫೋಟೋ ಇಲ್ಲದವನು.

ಮಾತೆ ಸೊಪ್ಪಿನ ಕಷಾಯ ಸೋರೆಬುರುಡೆಯಲ್ಲಿ
ಒಂದು ಸುತ್ತು ಬರುವಷ್ಟರಲ್ಲಿ
ಲಾನ್ಸಾ ಮೂರು ಗೋಲು ಹೊಡೆದಾಗಿರುತ್ತದೆ.
ಅರವತ್ತೇಳರಲ್ಲಿ ಅವು ಎರಡೇ ಇದ್ದವು.
ಬಡ್ಡಿಗೆ ಬಿಟ್ಟ ದುಡ್ಡಿನ ಹಾಗೆ ಗೋಲೂ ಬೆಳೆಯುತ್ತದೆ
ಅಸಲು ಕೇಳುವವರು ಸತ್ತುಹೋದರೆ.

ಪಿಂತೋಸನಿಗೆ ಆಟ ಮರೆತಿದೆ, ಬಸ್ಸು ನೆನಪಿದೆ:
ಪೈಸಂದೂವಿನಲ್ಲಿ ಏಳು ಗೋಲು ತಿಂದು ಮರಳುವಾಗ
ನಡುರಾತ್ರಿ ಟೈರು ಒಡೆದು, ಯಾರದೋ ಹೊಲಕ್ಕೆ ನುಗ್ಗಿ
ಬೂಟಿನ ಮೊಳೆಯಿಂದ ಕಲ್ಲಂಗಡಿ ಸೀಳಿ ತಿಂದದ್ದು.
ಕೋಚ್ ಬೀಜ ಉಗಿಯುತ್ತ ಮೊದಲ ಸಲ ನಕ್ಕದ್ದು.
"ಎಂಟನೇ ಗೋಲು ಅದು," ಅನ್ನುತ್ತಾನೆ,
ಯಾಕೆ ಹಾಗನ್ನುತ್ತಾನೋ ನಮಗೆ ಯಾರಿಗೂ ಗೊತ್ತಿಲ್ಲ.

ಎಲಾದಿಯೊ ತನ್ನ ಸರದಿಗೆ ಕಾಯುತ್ತಾನೆ.
ಅವನದು ಒಂದೇ ಕತೆ.
ನವೆಂಬರಿನ ಜಡಿಮಳೆ, ಕೊನೆಯ ನಿಮಿಷ, ಕಾರ್ನರ್,
ಗೋಲಾದರೆ ನಾವು ಕೆಳದರ್ಜೆಗೆ, ಸಂಬಳ ಅರ್ಧಕ್ಕೆ.
ಆರಡಿ ಆಳು ಮೇಲೆದ್ದು ಹಣೆ ಕೊಟ್ಟ.
"ಬಲಕ್ಕೆ ಹಾರಿದೆ," ಅನ್ನುತ್ತಾನೆ ಎಲಾದಿಯೊ,
ಬಲಗೈ ಚಾಚಿ, "ಈ ಎರಡು ಬೆರಳ ತುದಿ, ಅಷ್ಟೆ."
ರೇಡಿಯೊ ಅದನ್ನೇ ಹೇಳಿತ್ತು. ಪೇಪರು ಅದನ್ನೇ ಬರೆದಿತ್ತು.
ಅವನ ಮದುವೆಯಲ್ಲಿ ಮಾವ ಆ ಎರಡು ಬೆರಳಿಗೆ ಮುತ್ತಿಟ್ಟಿದ್ದ.

ಕೌಂಟರಿನ ಹಿಂದೆ ಆಲೂಗಡ್ಡೆ ಹೆರೆಯುತ್ತಿದ್ದ ನಿಯೆವೆಸ್,
ಬಾರಿನವನ ತಾಯಿ, ಎಂಬತ್ತೊಂಬತ್ತು,
ತಲೆ ಎತ್ತಲಿಲ್ಲ.
"ಹನ್ನೊಂದು ಅಂಗಿ ಒಗೆದವಳು ನಾನು.
ಆ ಭಾನುವಾರ ನಿನ್ನ ಬಲತೋಳಲ್ಲಿ ಬರೀ ಮಳೆ.
ಕೆಸರೆಲ್ಲ ಎಡತೋಳಿಗೆ, ಎಡ ಪಕ್ಕೆಗೆ.
ಮೂರು ನೀರು ಹಾಕಿದರೂ ಬಿಡಲಿಲ್ಲ."

ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು.
ಲಾನ್ಸಾ ತನ್ನ ಮೂರನೇ ಗೋಲನ್ನು
ಮೆಲ್ಲಗೆ ಜೇಬಿಗೆ ಹಾಕಿಕೊಂಡ ಹಾಗೆ ಕಂಡಿತು.

"ಕಂಬ," ಅಂದ ಎಲಾದಿಯೊ, ಎಷ್ಟೋ ಹೊತ್ತಿನ ಮೇಲೆ.
"ಕಂಬಕ್ಕೆ ಬಡೀತು. ನಾನು ಆ ಕಡೆ ಬಿದ್ದಿದ್ದೆ.
ಎದ್ದಾಗ ಜನ ನನ್ನ ಹೆಸರು ಕೂಗ್ತಾ ಇದ್ರು.
ಅಲ್ಲ ಅಂತ ಹೇಳೋಕೆ
ಅಷ್ಟು ಜನರಲ್ಲಿ ಯಾರ ಹತ್ತಿರ ಹೋಗ್ಲಿ?"

ನನ್ನ ಹತ್ತಿರ ಬರಬಹುದಿತ್ತು.
ಕಾರ್ನರಿಗೆ ರೈಟ್ ಬ್ಯಾಕ್ ನಿಲ್ಲುವುದು ಆ ಕಂಬದ ಬಳಿ,
ಎಡಗೈ ಮರದ ಮೇಲೆ.
ನೆನೆದ ಮರ ಹಸುವಿನ ಚರ್ಮದ ಹಾಗೆ ಒಮ್ಮೆ ಕಂಪಿಸಿ
ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಹಲ್ಲಿಗೆ ಹತ್ತಿದ್ದು
ಈಗಲೂ ಬಾಗಿಲು ದಢಾರನೆ ಮುಚ್ಚಿದರೆ ಏಳುತ್ತದೆ.
ಓಡಿ ಹೋಗಿ ಅವನನ್ನು ಮೊದಲು ಅಪ್ಪಿದವನೇ ನಾನು.
ಹೆಂಡತಿಗೂ ಹೇಳಲಿಲ್ಲ.
ಇದನ್ನು ಒಳ್ಳೆಯತನ ಎನ್ನಬೇಡಿ,
ನನ್ನ ಸಂಬಳವೂ ಅರ್ಧವಾಗುತ್ತಿತ್ತು.

ಪಿಂತೋಸ್ ಒಬ್ಬೊಬ್ಬರ ಮುಖ ನೋಡಿ
"ಏನಂತೆ?" ಅಂದ.
ಲಾನ್ಸಾ ಅವನ ಕಿವಿಗೆ ಬಾಯಿಟ್ಟು ಕೂಗಿದ:
"ಎಲಾದಿಯೊ ತಡೆದ ಚೆಂಡು!"
"ಓ, ಅದಾ!" ಪಿಂತೋಸನ ಮುಖ ಅರಳಿತು.
ನಡುಗುವ ಬಲಗೈ ಎತ್ತಿ
ಎರಡು ಬೆರಳು ತೋರಿಸಿದ.

ಎಲಾದಿಯೊ ನನ್ನ ಕಡೆ ನೋಡಿದ.
ನಾನು ಬುರುಡೆಗೆ ಬಿಸಿನೀರು ಹುಯ್ದು
ಅವನ ಮುಂದೆ ಸರಿಸಿದೆ.